ಸೊಣ್ಣಮ್ಮನ ಬಿಲ್ಲೆ

೧೯ ಸೆಪ್ಟೆಂಬರ್ ೧೯೭೧, ಭಾನುವಾರ

ಇವತ್ತು ಮಹಾಲಯ ಅಮಾವಾಸ್ಯೆ. ಎಡೆ ಇಟ್ಟೆವು. ತೀರಿಹೋದ ಮಾವನವರ ಹೆಸರಿಗೆ ಒಂದು ಪಂಚೆ, ಇವರ ಮೊದಲ ಹೆಂಡತಿಯ ಹೆಸರಿಗೆ ಒಂದು ಹಸಿರು ಸೀರೆ. ಸೀರೆ ಆರಿಸಿದವಳು ನಾನು, ನಾಳೆ ಉಡುವವಳೂ ನಾನು. ಆದರೂ ಮೊದಲು ಅವಳಿಗೆ ಮುಟ್ಟಿಸಬೇಕು. ಸತ್ತವಳು ಉಟ್ಟು ಬಿಟ್ಟದ್ದು ಬದುಕಿದವಳಿಗೆ.

ಮಾತಾಡಲು ಯಾರೂ ಇಲ್ಲದೆ ಈ ಪುಸ್ತಕ ತೆಗೆದಿದ್ದೇನೆ. ಅತ್ತೆ ಹೊಲಕ್ಕೆ ಹೋದಾಗ ಬರೆಯಬೇಕು.

ದೇವನಹಳ್ಳಿಯಿಂದ ನಂದಗುಡಿ ಪಕ್ಕದ ಈ ಹಳ್ಳಿಗೆ ಎರಡನೆಯ ಹೆಂಡತಿಯಾಗಿ ಬಂದು ವರ್ಷ ದಾಟಿತು. ನಾಲ್ಕು ಹೆಣ್ಣುಮಕ್ಕಳ ಮನೆ, ನಾನು ಎರಡನೆಯವಳು. ಎಸ್ಸೆಸ್ಸೆಲ್ಸಿ ಪಾಸಾದರೂ ಅಪ್ಪ ಹೆಚ್ಚು ಹುಡುಕಲಿಲ್ಲ. ಧಾರೆಯ ದಿನ ತಾಳಿಗಿಂತ ಮೊದಲೇ ಅತ್ತೆ ದ್ಯಾವಮ್ಮ ನನ್ನ ಕತ್ತಿಗೆ ಕರಿದಾರದಲ್ಲಿ ಒಂದು ಬೆಳ್ಳಿಯ ಬಿಲ್ಲೆ ಕಟ್ಟಿದರು. ಹಳೆಯ ನಾಲ್ಕಾಣೆಯಷ್ಟು ಅಗಲ, ಮೇಲೆ ಕೈಮುಗಿದು ನಿಂತ ಹೆಂಗಸು. ಸವತಿ ಬಿಲ್ಲೆ. ತೀರಿಹೋದ ಮೊದಲ ಹೆಂಡತಿ ಅದರಲ್ಲಿ ಇರುತ್ತಾಳಂತೆ. ದಿನಾ ಸ್ನಾನವಾದ ಮೇಲೆ ಅವಳ ಹೆಸರು ಹೇಳಿ, ಬಿಲ್ಲೆಗೆ ಕುಂಕುಮ ಇಟ್ಟು, ಆಮೇಲೆ ನನ್ನ ಹಣೆಗೆ ಇಟ್ಟುಕೊಳ್ಳಬೇಕು. ಅಕ್ಕ ಎನ್ನಬೇಕು ಎಂದು ಅತ್ತೆ ಹೇಳಿಕೊಟ್ಟಿದ್ದಾರೆ. ನಾನು ಸೊಣ್ಣಮ್ಮ ಎಂದಷ್ಟೇ ಗೊಣಗಿ ಮುಗಿಸುತ್ತೇನೆ. ಮುಖವನ್ನೇ ನೋಡದವಳು ನನಗೆ ಯಾವ ಅಕ್ಕ?

ಮಣ್ಣಿನ ಸವತಿಯನ್ನೂ ಸಹಿಸಲಾಗದು ಅನ್ನುತ್ತಾರೆ. ನನ್ನವಳು ಬೆಳ್ಳಿಯವಳು.

ಅವಳ ಮಗಳು ಮುನಿಗಂಗಮ್ಮನಿಗೆ ಎಂಟು ವರ್ಷ. ಎಲ್ಲರೂ ಗಂಗಿ ಎನ್ನುತ್ತಾರೆ. ಬೆಳಿಗ್ಗೆ ಕುಂಕುಮದ ಬಟ್ಟಲು ಹಿಡಿದು ನನ್ನೆದುರು ನಿಲ್ಲುವುದು ಅವಳೇ. ಕಣ್ಣೆಲ್ಲ ಬಿಲ್ಲೆಯ ಮೇಲೆ. ಚಿಕ್ಕಮ್ಮ ಎಂದು ಒಂದು ಸಲ ಕರೆದರೆ ಆ ದಿನಕ್ಕೆ ಅದೇ ಹೆಚ್ಚು. ಕೆಲಸವಾದ ಕೂಡಲೇ ಹಿತ್ತಿಲಿಗೆ ಓಡುತ್ತಾಳೆ.

ಇನ್ನೊಂದು ವಿಷಯ. ನನಗೆ ಮುಟ್ಟು ನಿಂತಿದೆ. ಅತ್ತೆಗೆ ನಾನು ಹೇಳುವ ಮೊದಲೇ ಗೊತ್ತಾಗಿತ್ತು. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ನನ್ನ ಹೊಟ್ಟೆಯನ್ನೂ ಕತ್ತನ್ನೂ ನೋಡಿ, ದೇವರ ಮನೆಗೆ ಹೋಗಿ ಬಹಳ ಹೊತ್ತು ಕೂತಿದ್ದರು.

೨೭ ಸೆಪ್ಟೆಂಬರ್

ಅತ್ತೆ ಯಾಕೆ ಹಾಗೆ ಕೂತಿದ್ದರು ಎನ್ನುವುದು ಇವತ್ತು ತಿಳಿಯಿತು. ಬಾವಿಕಟ್ಟೆಯಲ್ಲಿ ಪಕ್ಕದ ಮನೆ ರುಕ್ಮಿಣಮ್ಮನವರು, ಹುಷಾರಮ್ಮ, ಆ ನಡುಮನೆ ಕೋಣೆಯಲ್ಲಿ ಮಾತ್ರ ಹೆರಿಗೆ ಬೇಡ ಅಂದರು. ಯಾಕೆ ಅಂದೆ. ಹೆಂಗಸರೆಲ್ಲ ಹಗ್ಗ ಬಿಟ್ಟು ನನ್ನನ್ನೇ ನೋಡಿದರು. ಸೊಣ್ಣಮ್ಮ ಜ್ವರ ಬಂದು ಸತ್ತಳು ಎಂದು ನಮ್ಮಪ್ಪನಿಗೆ ಹೇಳಿದ್ದರು. ಅವಳು ಸತ್ತದ್ದು ಎರಡನೆಯ ಹೆರಿಗೆಯಲ್ಲಿ. ಮಗುವೂ ಉಳಿಯಲಿಲ್ಲ. ನಾನು ದಿನಾ ಮಲಗುವ ಕೋಣೆಯಲ್ಲೇ.

ಬಿಂದಿಗೆ ಇಳಿಸಿ ಹೊಸ್ತಿಲ ಮೇಲೇ ಕೂತುಬಿಟ್ಟೆ. ಹೆರಿಗೆ ಹೆಂಗಸಿಗೆ ಮರುಹುಟ್ಟು ಅನ್ನುವುದು ಗೊತ್ತು. ಸಾಯುವುದಕ್ಕಿಂತ ಆಮೇಲಿನದು ನೆನೆದು ಹೆದರಿಕೆಯಾಯಿತು. ನಾನು ಹೋದರೆ ಇವರಿಗೆ ಇನ್ನೊಂದು ಮದುವೆ ಆಗುತ್ತದೆ. ಯಾರೋ ಒಬ್ಬಳು ಬರುತ್ತಾಳೆ, ನನ್ನ ಹಾಗೇ ಬಡವರ ಮನೆಯವಳು. ಅವಳ ಕತ್ತಿಗೆ ಎರಡು ಬಿಲ್ಲೆ. ನನ್ನ ಹೆಸರು ಗೊಣಗಿ ಕುಂಕುಮ ಮೆತ್ತುತ್ತಾಳೆ, ಮನಸ್ಸಿನಲ್ಲಿ ಶಪಿಸುತ್ತಾಳೆ. ನಾನು ಈಗ ಮಾಡುತ್ತಿರುವುದೂ ಅದನ್ನೇ.

ಇದನ್ನು ಹೇಗಾದರೂ ಕತ್ತಿನಿಂದ ಕಳಚಬೇಕು.

೧೨ ಅಕ್ಟೋಬರ್

ಬೆಂಗಳೂರಿನಿಂದ ವೆಂಕಟರಾಯಪ್ಪ ಎನ್ನುವವರು ಸ್ಕೂಲಿನ ಮೇಷ್ಟರ ಜೊತೆ ಬಂದಿದ್ದರು. ಅಲ್ಲಿ ಹೊಸದಾಗಿ ಒಂದು ಮ್ಯೂಸಿಯಂ ಮಾಡುತ್ತಿದ್ದಾರಂತೆ. ಹಳ್ಳಿಯ ಹೆಂಗಸರ ಹಳೆಯ ಒಡವೆ ಬೇಕಂತೆ. ಚಿನ್ನವೇ ಆಗಬೇಕೆಂದಿಲ್ಲ, ಬೆಳ್ಳಿ, ಹಿತ್ತಾಳೆ, ಕಂಚು ಯಾವುದಾದರೂ ಸರಿ. ಈಗಿನ ಹುಡುಗಿಯರು ಇವನ್ನೆಲ್ಲ ಕರಗಿಸಿ ಚೈನು ಮಾಡಿಸುತ್ತಿದ್ದಾರೆ, ಇನ್ನು ಸ್ವಲ್ಪ ದಿನಕ್ಕೆ ನೋಡಲೂ ಸಿಗುವುದಿಲ್ಲ ಎಂದು ಜಗಲಿಯ ಮೇಲೆ ಕೂತು ನಿಧಾನವಾಗಿ ಹೇಳಿದರು. ಒಳ್ಳೆಯ ಮನುಷ್ಯ. ಚಪ್ಪಲಿ ಬೀದಿಯಲ್ಲೇ ಬಿಟ್ಟು ಬಂದಿದ್ದರು. ರುಕ್ಮಿಣಮ್ಮನವರು ತಮ್ಮ ಅಜ್ಜಿಯ ಬುಗುಡಿ ತಂದು ಕೊಟ್ಟರು. ಯಾರೋ ತೋಳಿನ ನಾಗಮುರಿ ಕೊಟ್ಟರು.

ನೀರು ಕೊಡಲು ಬಗ್ಗಿದಾಗ ನನ್ನ ಬಿಲ್ಲೆ ಸೆರಗಿನಿಂದ ಆಚೆ ಬಂತು. ಅವರು ಲೋಟ ತೆಗೆದುಕೊಳ್ಳುವುದನ್ನೇ ಮರೆತರು. ಇಂಥದ್ದು ಮಾತ್ರ ಕೇಳಲು ನನಗೆ ಬಾಯಿ ಬರಲ್ಲ ತಾಯಿ, ನಿಮಗೆ ತಾನಾಗಿ ಮನಸ್ಸು ಬಂದರೆ ನೋಡಿ, ದೀಪಾವಳಿ ಆದ ಮೇಲೆ ಇನ್ನೊಂದು ಸಲ ಬರುತ್ತೇನೆ ಅಂದರು. ಅತ್ತೆ ಬಾಗಿಲಿನ ಹಿಂದಿನಿಂದಲೇ, ಅದು ಕೊಡುವ ಒಡವೆಯಲ್ಲ ಅಂದರು.

ನನಗೆ ಮಾತ್ರ ದೇವರೇ ದಾರಿ ತೋರಿಸಿದ ಹಾಗಾಯಿತು. ಬಾವಿಗೆ ಎಸೆದರೆ ಪಾಪ, ಕರಗಿಸಿದರೆ ಊರು ಬೈಯುತ್ತದೆ. ಮ್ಯೂಸಿಯಮ್ಮಿಗೆ ಕೊಟ್ಟರೆ ಗೌರವವಾಗಿಯೇ ಕಳಿಸಿದ ಹಾಗೆ.

೧೬ ಅಕ್ಟೋಬರ್

ಇವರ ಹತ್ತಿರ ಕೇಳಿದೆ. ಆಲೂಗಡ್ಡೆ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು. ಅವಳ ಮಾತು ನಮ್ಮಿಬ್ಬರ ನಡುವೆ ಇವತ್ತಿನ ತನಕ ಬಂದಿರಲೇ ಇಲ್ಲ. ನೀರು ಹಾಕುತ್ತಾ ಹಾಕುತ್ತಾ ಚೊಂಬು ಬರಿದಾಯಿತು, ಆಮೇಲೂ ಬಗ್ಗಿಕೊಂಡೇ ಇದ್ದರು.

"ನಿಂಗೆ ಭಾರ ಆಗಿದ್ರೆ ಕೊಟ್ಬಿಡು" ಅಂದರು. ಅಷ್ಟೇ.

ಅತ್ತೆ ಜಗಳ ಮಾಡುತ್ತಾರೆ ಎಂದು ಸೆರಗು ಬಿಗಿದು ಕೂತಿದ್ದೆ. ಅವರು ರಾಗಿ ಕೇರುತ್ತಾ, "ಅವ್ಳು ಇದ್ದಿದ್ದು ನಿನ್ ಕತ್ನಲ್ಲಿ, ನನ್ ಕತ್ನಲ್ಲಲ್ಲ. ನಿನ್ನಿಷ್ಟ ಕಣಮ್ಮ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

೨೩ ಅಕ್ಟೋಬರ್

ಕೊಟ್ಟೆ. ವೆಂಕಟರಾಯಪ್ಪನವರು ಎರಡೂ ಕೈ ಒಡ್ಡಿ ಇಸಿದುಕೊಂಡರು, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. ದಾರವನ್ನು ಮಾತ್ರ ನನಗೇ ವಾಪಸ್ಸು ಕೊಟ್ಟರು. ಗಂಗಿ ಸ್ಕೂಲಿಗೆ ಹೋಗಿದ್ದಳು. ಬೇಕೆಂದೇ ಆ ಹೊತ್ತು ನೋಡಿ ಕೊಟ್ಟೆ.

ಕತ್ತು ಹಗುರಾಗಿದೆ. ಹಾಯಾಗಿದೆ.

೨ ನವೆಂಬರ್

ಗಂಗಿ ಬೆಳಿಗ್ಗೆ ಬಟ್ಟಲು ಹಿಡಿದು ಬರುವುದಿಲ್ಲ. ಅಳಲಿಲ್ಲ, ಕೇಳಲೂ ಇಲ್ಲ. ಮೊದಲ ದಿನ ಬಂದು ನನ್ನ ಕತ್ತು ನೋಡಿದಳು, ಬಟ್ಟಲನ್ನು ಗೂಡಿನಲ್ಲಿ ಇಟ್ಟು ಹೋದಳು. ಅದು ಅಲ್ಲೇ ಇದೆ.

೯ ಡಿಸೆಂಬರ್

ರೇಡಿಯೋ ಇರುವ ಮನೆ ಮುಂದೆ ಗಂಡಸರೆಲ್ಲ ಯುದ್ಧದ ಸುದ್ದಿಗೆ ಗುಂಪು ಕೂಡುತ್ತಾರೆ. ಇವರೂ ಅಲ್ಲೇ.

ನನ್ನ ಮಗು ಒಳಗೆ ಅಲುಗಾಡುತ್ತಿದೆ. ಅಲುಗಾಡಿದಾಗೆಲ್ಲ ಕೈ ಕತ್ತಿಗೆ ಹೋಗುತ್ತದೆ. ಅಭ್ಯಾಸ, ಅಷ್ಟೇ. ಸ್ನಾನ ಮಾಡಿ ಬಂದು ಕುಂಕುಮ ತೆಗೆದುಕೊಂಡು ಸೊಣ್ಣಮ್ಮ ಎಂದು ಬಾಯಿ ತನ್ನಷ್ಟಕ್ಕೇ ಹೇಳುತ್ತದೆ. ಯಾರಿಗೆ ಇಡಲಿ? ಬೆರಳು ಹಾಗೇ ನಿಲ್ಲುತ್ತದೆ. ಹೆರಿಗೆಯ ಹೆದರಿಕೆ ಕಡಿಮೆಯಾಗುತ್ತದೆ ಎಂದು ಕೊಟ್ಟಿದ್ದು. ಕಡಿಮೆಯಾಗಿಲ್ಲ. ಈ ನೋವು ಕಂಡ ಒಬ್ಬಳು ಹತ್ತಿರ ಇದ್ದಳು, ಈಗ ಇಲ್ಲ ಅನ್ನಿಸುತ್ತದೆ. ನನಗೇ ಹುಚ್ಚು ಹಿಡಿಯಿತೇನೋ.

ಇವತ್ತು ಗಂಗಿಗೆ ತಲೆ ಬಾಚುತ್ತಿದ್ದೆ. ಬೆನ್ನು ನನ್ನ ಕಡೆ ಇತ್ತು, ಅದಕ್ಕೇ ಮಾತು ಬಂತೋ ಏನೋ.

"ಚಿಕ್ಕಮ್ಮ, ಅಮ್ಮ ಬಸ್ಸಲ್ಲಿ ಹೋದ್ಲಾ?" ಅಂದಳು.

ಹೂಂ ಅಂದೆ. ಕಿಟಕಿ ಪಕ್ಕ ಕೂತಿದ್ದಳಾ ಎಂದು ಕೇಳಿದಳು. ಹೂಂ ಅಂದೆ. ವಾಪಸ್ಸು ಯಾವಾಗ ಅಂದಳು. ಸಂಕ್ರಾಂತಿ ಆಗಲಿ, ನಾವೇ ನೋಡಲು ಹೋಗೋಣ ಅಂತ ಹೇಳಿದೆ. ಜಡೆ ಸೊಟ್ಟ ಬಂತು. ಬಿಚ್ಚಿ ಮತ್ತೆ ಹಾಕಿದೆ.

೧೯ ಜನವರಿ ೧೯೭೨

ಹೋಗಿ ಬಂದೆವು. ಹೊಟ್ಟೆ ಹೊತ್ತುಕೊಂಡು ಬಸ್ಸು ಹತ್ತಬೇಡ ಎಂದು ಅತ್ತೆ ಹೇಳಿದ್ದರು. ಇವರು ಬಿಳಿ ಷರ್ಟು ಹಾಕಿಕೊಂಡು ಹೊರಟರು. ಗಂಗಿ ಕಿಟಕಿ ಪಕ್ಕ ಕೂತಳು.

ಗಾಜಿನ ಪೆಟ್ಟಿಗೆಗಳು. ಒಂದರಲ್ಲಿ ಬುಗುಡಿ, ಕೊಪ್ಪು, ಮತ್ತೊಂದರಲ್ಲಿ ಕಡಗ, ಕಾಲುಂಗುರ. ಮೂಲೆಯ ಪೆಟ್ಟಿಗೆಯಲ್ಲಿ ನೀಲಿ ಬಟ್ಟೆಯ ಮೇಲೆ ಬಿಲ್ಲೆಗಳು. ನಾನು ಒಂದೇ ಇರುತ್ತದೆ ಅಂದುಕೊಂಡಿದ್ದೆ. ಸಾಲಾಗಿ ಅಷ್ಟೊಂದು. ಎಲ್ಲದರ ಮೇಲೂ ಕೈಮುಗಿದು ನಿಂತ ಹೆಂಗಸು. ಕೆಳಗೆ ಒಂದೇ ಚೀಟಿ: ಸವತಿ ಬಿಲ್ಲೆ, ಬೆಳ್ಳಿ, ಎರಡನೆಯ ಹೆಂಡತಿ ಧರಿಸುವುದು.

"ಅಮ್ಮ ಯಾವ್ದು?" ಅಂದಳು ಗಂಗಿ.

ನನಗೆ ಗೊತ್ತಾಗಲಿಲ್ಲ. ವರ್ಷಕ್ಕಿಂತ ಹೆಚ್ಚು ಕತ್ತಿನಲ್ಲಿ ಹಾಕಿಕೊಂಡಿದ್ದೆ, ದಿನಾ ಮುಟ್ಟುತ್ತಿದ್ದೆ, ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ. ಇವರ ಮುಖ ನೋಡಿದೆ. ಇವರಿಗೂ ಗೊತ್ತಿರಲಿಲ್ಲ. ಮಗು ಕಾಯುತ್ತಾ ನಿಂತಿತ್ತು. ಎಡಗಡೆಯಿಂದ ಒಂದನ್ನು ತೋರಿಸಿದೆ. ಗಂಗಿ ಗಾಜಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿ ಕೈಮುಗಿದಳು. ಏನೇನೋ ಹೇಳಿಕೊಂಡಳು, ಬಹಳ ಹೊತ್ತು.

ಅಷ್ಟರಲ್ಲಿ ವೆಂಕಟರಾಯಪ್ಪನವರು ಬಂದರು. ಗುರುತು ಹಿಡಿದು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ನಿಮ್ಮದು ಇದಲ್ಲ ತಾಯಿ, ಇದು ನೆಲಮಂಗಲ ಕಡೆಯದು, ನಿಮ್ಮದು ಕೆಳಗಿನ ಸಾಲಿನಲ್ಲಿ ಕೊನೆಯದು ಅಂದರು. ಗಂಗಿಗೆ ಕೇಳಿಸಿತು. ನನ್ನನ್ನು ನೋಡಿದಳು. ಬೇರೆ ಯಾರದೋ ತಾಯಿಗೆ ಕೈಮುಗಿಸಿಬಿಟ್ಟೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸ್ಸು ಕೊಡಿ ಎಂದು ಕೇಳಿದೆ. ದಾಖಲಾದ ಮೇಲೆ ತೆಗೆಯುವುದು ತಮ್ಮ ಕೈಯಲ್ಲಿಲ್ಲ ಅಂದರು. ಅವರಿಗೂ ಕಷ್ಟವಾಗುತ್ತಿತ್ತು, ಕನ್ನಡಕ ತೆಗೆದು ತೆಗೆದು ಒರೆಸುತ್ತಿದ್ದರು. ಈ ಉಳಿದವರೆಲ್ಲ ಯಾರು, ಹೆಸರೇನು ಎಂದು ಕೇಳಿದೆ. ಕೊಟ್ಟ ಊರು ಬರೆದುಕೊಂಡಿದ್ದೇವೆ, ಹೆಸರು ಕೇಳಬೇಕು ಅಂತ ಹೊಳೆಯಲಿಲ್ಲ ತಾಯಿ ಅಂದರು. ಅಕ್ಕನ ಹೆಸರು ಸೊಣ್ಣಮ್ಮ ಎಂದು ಹೇಳಿದೆ. ಬರೆದುಕೊಂಡರು.

ಯಾರದೋ ಕತ್ತಿನಲ್ಲಿ ಶಾಪ ಹಾಕಿಸಿಕೊಂಡು ಇರುವುದೇ ದೊಡ್ಡ ಗತಿಗೇಡು ಅಂದುಕೊಂಡಿದ್ದೆ. ಶಾಪ ಹಾಕುವವಳಾದರೂ ಬೆಳಿಗ್ಗೆ ಎದ್ದು ಹೆಸರು ಹೇಳುತ್ತಾಳೆ. ಅಲ್ಲಿ ಅದೂ ಇಲ್ಲ.

೨೪ ಜನವರಿ

ನಂದಗುಡಿಯ ಅಕ್ಕಸಾಲಿ ಪಾಪಯ್ಯನವರನ್ನು ಮನೆಗೆ ಕರೆಸಿದೆ. ತವರಿನಲ್ಲಿ ಕೊಟ್ಟ ನನ್ನ ಬೆಳ್ಳಿ ಕಾಲುಚೈನು ಮುಂದಿಟ್ಟು ಹೊಸ ಬಿಲ್ಲೆ ಮಾಡಿಕೊಡಿ ಅಂದೆ. ಅತ್ತೆ ಮೊರ ಹಿಡಿದುಕೊಂಡೇ ಹೊರಗೆ ಬಂದರು. ಅಚ್ಚು ಇದೆ, ನಾಳಿದ್ದು ಕೊಡುತ್ತೇನೆ ಅಂದರು ಪಾಪಯ್ಯ. ಅಚ್ಚು ಬೇಡ, ಅಕ್ಕ ಹೇಗಿದ್ದಳೋ ಹಾಗೆ ಇರಬೇಕು ಅಂದೆ. ಹೇಗಿದ್ದರಮ್ಮ ಎಂದು ನನ್ನನ್ನೇ ಕೇಳಿದರು. ಎಲ್ಲ ಬಿಟ್ಟು ನನ್ನನ್ನು!

ಅತ್ತೆ ಮೊರ ಇಳಿಸಿ ಕೂತರು. ಎತ್ತರದ ಆಳು, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಿತ್ತು. ಎಡಗೈಯವಳು. ಬಡಿಸುವುದಕ್ಕೂ ಎಡಗೈ ಬರುತ್ತಿತ್ತು, ಅದಕ್ಕೆ ನಾನು ಬಹಳ ಬೈದೆ, ಒಂದೊಂದು ಸಲ ಕೈ ಮೇಲೆ ಹೊಡೆದೂ ಇದ್ದೇನೆ ಎಂದು ಹೇಳಿ ಅಳುವುದಕ್ಕೆ ಶುರು ಮಾಡಿದರು. ಈ ಹೆಂಗಸು ಅತ್ತದ್ದು ನಾನು ಕಂಡಿರಲಿಲ್ಲ.

ಇವರು ಕಂಬಕ್ಕೆ ಒರಗಿ ನಿಂತಿದ್ದರು. ಕಪ್ಪೆ ಕಂಡರೆ ಹೆದರುತ್ತಿದ್ದಳು ಅಂದರು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು, ಆದರೂ ಬೀದಿಗೆ ಕೇಳುತ್ತಿತ್ತು ಅಂದರು. ಹೇಳುತ್ತಾ ಹೇಳುತ್ತಾ ಇವರ ಮುಖವೇ ಬೇರೆಯಾಯಿತು. ನನ್ನೆದುರು ಹಾಗೆ ಇರಲಿಲ್ಲ ಯಾವತ್ತೂ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಉರಿಯಿತು. ಇನ್ನೂ ಹೇಳಿ ಅಂದೆ.

ಗಂಗಿ ಬಾಗಿಲ ಸಂದಿಯಿಂದ, "ಅಮ್ಮ ಎಡಗೈಲಿ ತಲೆ ಸವರೋಳು" ಅಂದಳು. ಅವಳ ನೆನಪಿನಲ್ಲಿ ಇರುವುದು ಅದೊಂದೇ ಅಂತ ಕಾಣುತ್ತದೆ.

ಎಡಗೈ ಎತ್ತಿರುವ ಹಾಗೆ ಮಾಡಿ ಅಂದೆ. ಪಾಪಯ್ಯ ಒಪ್ಪಲಿಲ್ಲ, ಸವತಿ ಬಿಲ್ಲೆ ಎಂದರೆ ಕೈಮುಗಿದೇ ಇರಬೇಕು, ಶಾಸ್ತ್ರ ಹಾಗಿದೆ ಅಂದರು. ಅತ್ತೆ ಮೂಗು ಒರೆಸಿಕೊಂಡು, "ಅವ್ಳು ಕೈ ಮುಗ್ದಿದ್ದು ಸಾಕು ಕಣಪ್ಪ. ನಮ್ ಹುಡ್ಗಿ ಹೇಳ್ದಂಗೆ ಮಾಡು" ಅಂದರು.

ನಮ್ಮ ಹುಡುಗಿ ಅಂದರೆ ನಾನು.

೨ ಫೆಬ್ರವರಿ

ಬಿಲ್ಲೆ ಬಂತು. ಕೆಲಸ ಸ್ವಲ್ಪ ಒರಟು, ಎಡಗೈ ಉದ್ದವಾಗಿದೆ. ಕಣ್ಣಿಟ್ಟು ಚೆನ್ನಾಗಿ ನೋಡಿದೆ. ಸಾವಿರದ ನಡುವೆ ಇಟ್ಟರೂ ಹುಡುಕುತ್ತೇನೆ. ಬೆಳಿಗ್ಗೆ ಗಂಗಿ ಗೂಡಿನಿಂದ ಬಟ್ಟಲು ತೆಗೆದು ಒರೆಸಿಕೊಂಡು ಬಂದಳು.

೧೪ ಫೆಬ್ರವರಿ

ನಾಳೆ ತವರಿಗೆ ಹೊರಡುತ್ತೇನೆ. ಮೊದಲ ಹೆರಿಗೆ ಅಲ್ಲೇ ಆಗಬೇಕು. ಇವತ್ತು ಹೂ ಮುಡಿಸಿದರು. ಹೊಸ ಸೀರೆಯನ್ನು ಅಕ್ಕನಿಗೆ ಮುಟ್ಟಿಸಿ ಉಟ್ಟೆ.

ಬಾಣಂತಿಯ ಕೋಣೆಗೆ ಬಿಲ್ಲೆ ಹೋಗಬಾರದಂತೆ, ಪುರುಡಿನ ಮೈಲಿಗೆ. ಇಲ್ಲೇ ಬಿಡಬೇಕು. ಯಾರ ಹತ್ತಿರ ಬಿಡುವುದೆಂದು ಯೋಚಿಸುವ ಅಗತ್ಯವಿರಲಿಲ್ಲ. ಗಂಗಿಯನ್ನು ಕೂರಿಸಿ ಕತ್ತಿಗೆ ಕಟ್ಟಿದೆ. ದಿನಾ ಸ್ನಾನ ಮಾಡಿ ಕುಂಕುಮ ಇಡು, ಅಮ್ಮನ ಹೆಸರು ಹೇಳು ಅಂದೆ. ತಲೆ ಆಡಿಸಿದಳು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಹೊಟ್ಟೆಯೊಳಗಿನ ಭಯ ಬಾಯಿಗೆ ಬಂತು.

"ನಾನು ಬರ್ದೇ ಹೋದ್ರೆ ನನ್ ಹೆಸ್ರೂ ಸೇರಿಸಿ ಹೇಳು. ಅನುಸೂಯ ಅಂತ. ಆಮೇಲೆ ಯಾರಾದ್ರೂ ಬಂದ್ರೆ ಅವ್ಳಿಗೂ ಇಬ್ಬರ ಹೆಸ್ರು ಹೇಳ್ಕೊಡು. ಈಗ್ಲಿಂದ್ಲೇ ರೂಢಿ ಮಾಡ್ಕೋ" ಅಂದೆ.

ಅವಳು ಎದ್ದು ಹಿತ್ತಿಲಿಗೆ ಓಡಿದಳು. ಎಂಟು ವರ್ಷದ ಮಗುವಿಗೆ ಹೇಳುವ ಮಾತೇ ಅದು? ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಊಟಕ್ಕೂ ನನ್ನ ಪಕ್ಕ ಕೂರಲಿಲ್ಲ.

೧೧ ಏಪ್ರಿಲ್, ದೇವನಹಳ್ಳಿ

ಗಂಡು ಮಗು. ಬದುಕಿದ್ದೇನೆ. ಕೂತು ಬರೆಯಲು ಇವತ್ತು ಬಿಟ್ಟಿದ್ದಾರೆ. ಬಹಳ ಕಷ್ಟವಾಯಿತು, ಕೈತಪ್ಪಿ ಹೋದಳು ಅಂದುಕೊಂಡಿದ್ದರಂತೆ. ನೋವಿನಲ್ಲಿ ಅಕ್ಕ ಅಕ್ಕ ಎಂದು ಕರೆದೆನಂತೆ. ನನ್ನ ಒಡಹುಟ್ಟಿದ ದೊಡ್ಡವಳು ಲಕ್ಷ್ಮೀದೇವಮ್ಮ ಪಕ್ಕದಲ್ಲೇ ಇದ್ದಳು, ತನ್ನನ್ನೇ ಕರೆದದ್ದೆಂದು ಕೈ ಹಿಡಿದುಕೊಂಡಳಂತೆ. ಎಲ್ಲರಿಗೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾಳೆ. ಹೇಳಿಕೊಳ್ಳಲಿ.

೪ ಮೇ

ಇವತ್ತು ತೊಟ್ಟಿಲ ಶಾಸ್ತ್ರ. ಇವರೂ ಅತ್ತೆಯೂ ಬಂದಿದ್ದರು. ಗಂಗಿ ಬರಲಿಲ್ಲ. ಎಷ್ಟು ಕರೆದರೂ ಬರುವುದಿಲ್ಲ ಅಂದಳಂತೆ, ರುಕ್ಮಿಣಮ್ಮನವರ ಮನೆಯಲ್ಲಿ ಬಿಟ್ಟು ಬಂದಿದ್ದಾರೆ. ಅವಳಿಗೆಂದು ಎತ್ತಿಟ್ಟಿದ್ದ ಚಿಗಳಿ ಉಂಡೆಯನ್ನು ಕಟ್ಟಿ ಕಳಿಸಿದೆ. ತಮ್ಮನನ್ನು ನೋಡಲೂ ಮನಸ್ಸು ಬರಲಿಲ್ಲ. ನಾನು ಆಡಿದ ಮಾತಿಗೆ ಸರಿಯಾಗಿಯೇ ಆಯಿತು.

೧೬ ಜುಲೈ

ಮನೆಗೆ ಬಂದೆ. ಆರತಿ ಎತ್ತಿ ಒಳಗೆ ಕರೆದುಕೊಂಡರು. ಗಂಗಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು, ಎತ್ತರವಾಗಿದ್ದಾಳೆ. ಕತ್ತಿನಲ್ಲಿ ಬಿಲ್ಲೆ, ಬೆಳ್ಳಿ ಕಾಣದಷ್ಟು ಕುಂಕುಮ. ನನ್ನ ಹತ್ತಿರ ಬಂದು ಮಗುವನ್ನು ನೋಡಲಿಲ್ಲ, ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಾನೇ ಗಂಟು ಬಿಚ್ಚಿ, ಕೂತುಕೋ ಅಂದಳು. ಕೂತೆ. ನನ್ನ ಕತ್ತಿಗೆ ಕಟ್ಟಿದಳು.

"ಅಮ್ಮನ್ ಹೆಸ್ರು ದಿನಾ ಹೇಳ್ದೆ. ನಿನ್ ಹೆಸ್ರು ಒಂದಿನಾನೂ ಹೇಳ್ಲಿಲ್ಲ" ಅಂದಳು.

ಯಾಕೆ ಎಂದು ಕೇಳಿದೆ. ನನ್ನ ಮೇಲೆ ಕೋಪ ಅನ್ನುತ್ತಾಳೆ ಅಂದುಕೊಂಡಿದ್ದೆ.

"ಹೇಳಿದ್ರೆ ನೀನೂ ಇದ್ರೊಳಗೆ ಹೋಗ್ಬಿಡ್ತಿದ್ದೆ."

ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. "ಮನೇಲಿ ಯಾರಾದ್ರೂ ಅನುಸೂಯ ಅಂದ್ರೆ ಸಾಕು, ಬಿಲ್ಲೆ ಮೇಲೆ ಕೈ ಮುಚ್ಕೊಳ್ತಿದ್ಲು ಕಣಮ್ಮ, ಅದಕ್ಕೆ ಕೇಳಿಸ್ಬಾರ್ದು ಅಂತ. ತೊಟ್ಟಿಲಿಗೆ ಬಾ ಅಂದ್ರೆ, ಅಲ್ಲೆಲ್ಲ ಚಿಕ್ಕಮ್ಮನ್ ಹೆಸ್ರು ಹೇಳ್ತಿರ್ತಾರೆ, ನಾನು ಬರಲ್ಲ ಅಂದ್ಲು" ಅಂದರು.

ಗಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದೆ. ಎಡಗೈ ಎತ್ತಿ ಅವನ ತಲೆ ಸವರಿದಳು. ಬಲಗೈ ಅನ್ನಲು ಅತ್ತೆ ಬಾಯಿ ತೆರೆದವರು ಹಾಗೇ ಸುಮ್ಮನಾದರು.